ಸಾಲ ಮೊದ್ಲಾ, ಉಳಿತಾಯ ಮೊದ್ಲಾ?

ಪ್ರಶ್ನೆ: ಗಂಡ ಹೆಂಡ್ತಿ ಇಬ್ರೂ ದುಡೀತೀವಿ, ಆದ್ರೂ 20ನೇ ತಾರೀಖಿಗೆಲ್ಲಾ ಕೈ ಖಾಲಿ, ಮೇಲೆ ಎರಡು ಸಾಲ ಬೇರೆ. ಮೊದ್ಲು ಸಾಲ ತೀರಿಸ್ಬೇಕಾ, ಉಳಿಸ್ಬೇಕಾ?

ಉತ್ತರ: ಎರಡೂ ಬೇಕು, ಆದ್ರೆ ಒಂದು ಚಿಕ್ಕ ಗಂಟು ಮೊದ್ಲು. ಯಾಕಂದ್ರೆ ಕೈಯಲ್ಲಿ ಏನೂ ಇಲ್ದಿರೋವಾಗ ಮಗೂಗೆ ಜ್ವರ ಬಂತು, ಗಾಡಿ ಟೈರ್ ಹೋಯ್ತು ಅಂದ್ರೆ ಮತ್ತೆ ಬಡ್ಡಿಗೇ ಓಡ್ಬೇಕು, ಅಲ್ಲಿಗೆ ಇಷ್ಟು ದಿನ ತೀರಿಸಿದ್ದೆಲ್ಲಾ ನೀರಲ್ಲಿ ಹೋಮ. ಒಂದು ವಾರದ ಮನೆ ಖರ್ಚಿನಷ್ಟು ಕೂಡಿದ್ರೂ ಸಾಕು, ಸಂಬಳ ಬಂದ ದಿನಾನೇ ಬೇರೆ ಅಕೌಂಟಿಗೆ ಹಾಕಿ, ತಿಂಗಳ ಕೊನೇಲಿ ಉಳಿದ್ರೆ ಹಾಕೋಣ ಅಂದ್ರೆ ಉಳಿಯಲ್ಲ ಬಿಡಿ.

ಆಮೇಲೆ ಸಾಲ. ತಿಂಗಳಿಗೆ 5 ಪರ್ಸೆಂಟ್ ಬಡ್ಡಿ ಅಂದ್ರೆ ಕಮ್ಮಿ ಅನ್ಸತ್ತೆ, ಅದು ವರ್ಷಕ್ಕೆ 60 ಆಯ್ತು! ಎರಡರಲ್ಲೂ ಕಂತು ತಪ್ಪಿಸ್ಬೇಡಿ, ಮಿಕ್ಕಿದ್ದನ್ನೆಲ್ಲಾ ಬಡ್ಡಿ ಜಾಸ್ತಿ ಇರೋದಕ್ಕೇ ಕಟ್ಟಿ. ಅದು ಮುಗಿದ್ಮೇಲೆ ಆ ಕಂತಿನ ದುಡ್ಡನ್ನ ಇನ್ನೊಂದಕ್ಕೆ ಸೇರಿಸಿ. ಹೊಸ ಸಾಲ ತಗೊಂಡು ಹಳೇದು ತೀರಿಸೋದಾದ್ರೆ ಬಡ್ಡಿ ಜೊತೆ ಪ್ರೊಸೆಸಿಂಗ್ ಫೀ (ಸಾಲ ಕೊಡೋಕೆ ಹಿಡಿಯೋ ಶುಲ್ಕ) ಎಷ್ಟು ಅಂತಾನೂ ಕೇಳಿ.

ಇನ್ನು ದಿನಗೂಲಿ ಆಗಿದ್ರೆ, ಕಳೆದ ಆರು ತಿಂಗಳಲ್ಲಿ ಅತೀ ಕಮ್ಮಿ ಬಂದ ತಿಂಗಳು ಯಾವ್ದು ನೋಡಿ, ಅದನ್ನೇ ನಿಮ್ಮ ಆದಾಯ ಅಂತ ಹಿಡ್ಕೊಂಡು ಲೆಕ್ಕ ಹಾಕಿ.