ನಾಲ್ಕು ವರ್ಷದ ಬಿಎ ಬಿಎಡ್ ಸೇರಿದರೆ ಒಂದು ವರ್ಷ ಉಳಿಯುತ್ತದಾ?

ಪಿಯುಸಿ ಮುಗಿದಿದೆ, ಹೈಸ್ಕೂಲ್ ಟೀಚರ್ ಆಗಬೇಕು, ಒಂದು ವರ್ಷ ಉಳಿಯುತ್ತದಲ್ಲ, ನಾಲ್ಕು ವರ್ಷದ ಬಿಎ ಬಿಎಡ್ ಸೇರಲಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಸೇರಿದವನು. ಬಿಎ ಮೂರು, ಬಿಎಡ್ ಎರಡು, ಒಟ್ಟು ಐದು. ಇದಾದರೆ ನಾಲ್ಕೇ. ಮನೆಯಲ್ಲೂ ಖುಷಿ.

ಅಡ್ಮಿಷನ್ ದಿನ ಯಾವ ಮೂರು ಐಚ್ಛಿಕ ವಿಷಯ ಅಂತ ಕೇಳಿದರು. ಪಕ್ಕದಲ್ಲಿದ್ದ ಸೀನಿಯರ್ ಒಬ್ಬರು, "ಸಮಾಜಶಾಸ್ತ್ರ ತಗೋ, ಮಾರ್ಕ್ಸ್ ಜಾಸ್ತಿ ಬರುತ್ತೆ" ಅಂದರು. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ ಅಂತ ಬರೆದುಕೊಟ್ಟೆ. ಎರಡು ನಿಮಿಷದ ಕೆಲಸ.

ನಾನು ಎಡವಿದ್ದು ಅಲ್ಲೇ. ನಮ್ಮ ರಾಜ್ಯದ ಹೈಸ್ಕೂಲ್ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ, ಭೂಗೋಳದ ಜೊತೆ ಸಮಾಜಶಾಸ್ತ್ರದ ಪಾಠಗಳೂ ಇವೆ, ಅಲ್ವಾ? ಪುಸ್ತಕದಲ್ಲಿ ಇದ್ದಮೇಲೆ ಕೆಲಸಕ್ಕೂ ನಡೆಯುತ್ತದೆ ಅಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕಾಲೇಜಿನವರೂ ಹೇಳಲಿಲ್ಲ. ಕೇಂದ್ರೀಯ ವಿದ್ಯಾಲಯದ ಸಮಾಜ ವಿಜ್ಞಾನ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ಹುದ್ದೆಗೆ ಅರ್ಜಿ ಹಾಕಲು ಕೂತಾಗ ಗೊತ್ತಾಯಿತು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಈ ನಾಲ್ಕರಲ್ಲಿ ಎರಡನ್ನು ಪದವಿಯಲ್ಲಿ ಓದಿರಬೇಕು. ಅದರಲ್ಲೂ ಒಂದು ಇತಿಹಾಸ ಇಲ್ಲವೇ ಭೂಗೋಳ ಆಗಿರಲೇಬೇಕು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇದ್ದದ್ದು ರಾಜ್ಯಶಾಸ್ತ್ರ ಒಂದೇ. ಬಿಎಡ್ ಅಂಕ ಚೆನ್ನಾಗಿತ್ತು, ಕೇಂದ್ರದ ಶಿಕ್ಷಕ ಅರ್ಹತಾ ಪರೀಕ್ಷೆ ಸಿಟಿಇಟಿಯ ಎರಡನೇ ಪತ್ರಿಕೆಯೂ ಪಾಸಾಗಿತ್ತು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಬಿಎಡ್‌ನಲ್ಲಿ ತಗೊಂಡ ಬೋಧನೆಯ ವಿಷಯ ಬೇರೆ, ಪದವಿಯಲ್ಲಿ ಓದಿದ ವಿಷಯ ಬೇರೆ. ಎರಡನ್ನೂ ಅವರು ಬೇರೆ ಬೇರೆಯಾಗಿಯೇ ನೋಡುತ್ತಾರೆ. ನಾಲ್ಕು ವರ್ಷ ಶಿಕ್ಷಣದ ಕೋರ್ಸ್ ಓದಿದ ನನಗೆ ಇಷ್ಟು ಗೊತ್ತಿರಲಿಲ್ಲ.

ಆಮೇಲೆ ದೂರಶಿಕ್ಷಣದಲ್ಲಿ ಇತಿಹಾಸ ತಗೊಂಡು ಮತ್ತೆ ಬಿಎ ಮಾಡಿದೆ. ಮೂರು ವರ್ಷ. ಹಗಲು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತಿದ್ದೆ, ರಾತ್ರಿ ಅದೇ ಇತಿಹಾಸವನ್ನು ಪರೀಕ್ಷೆಗೆ ಓದುತ್ತಿದ್ದೆ.

ಹಾಗಂತ ಕೋರ್ಸ್ ಕೆಟ್ಟದ್ದು ಅನ್ನಲಾರೆ. ಮೊದಲ ಸಲ ಎಂಟನೇ ತರಗತಿ ಮುಂದೆ ನಿಂತಾಗ 40 ನಿಮಿಷಕ್ಕೆ ಬರೆದ ಪಾಠ ಯೋಜನೆ 15 ನಿಮಿಷಕ್ಕೇ ಖಾಲಿ. ಕೈ ನಡುಗುತ್ತಿತ್ತು. ಕೊನೆಯ ವರ್ಷದ ಇಂಟರ್ನ್‌ಶಿಪ್ ಹೊತ್ತಿಗೆ ಗಂಟೆ ಹೊಡೆದರೂ ಮಕ್ಕಳು "ಇನ್ನೊಂದು ಚೂರು ಹೇಳಿ ಸರ್" ಅನ್ನುತ್ತಿದ್ದರು. ಓದುತ್ತಲೇ ಕಲಿಸುವುದನ್ನೂ ಕಲಿಯುವ ಆ ಅವಕಾಶ ದೊಡ್ಡದು. ಸೇರುವುದಾದರೆ ಅದಕ್ಕೋಸ್ಕರ ಸೇರಿ.

ಆದ್ದರಿಂದ ನಾಲ್ಕಾ ಐದಾ ಅನ್ನುವ ಪ್ರಶ್ನೆಯೇ ತಪ್ಪು ಅಂತ ನನಗನ್ನಿಸುತ್ತದೆ. 2023-24ರಲ್ಲಿ ಶುರುವಾದ ಐಟಿಇಪಿ ಅನ್ನುವ ನಾಲ್ಕು ವರ್ಷದ ಸಂಯೋಜಿತ ಬಿಎಡ್ ಕೋರ್ಸಿಗೆ ಎನ್‌ಸಿಇಟಿ ಪ್ರವೇಶ ಪರೀಕ್ಷೆ ಬರೆದು ಸೇರಿ, ಇಲ್ಲ ಬಿಎ ಮುಗಿಸಿ ಬಿಎಡ್ ಮಾಡಿ, ನನ್ನದೇನೂ ತಕರಾರಿಲ್ಲ. ಆದರೆ ಫೀಸು ಕಟ್ಟುವ ಮುಂಚೆ ನಿಮಗೆ ಬೇಕಾದ ಹುದ್ದೆಯ ಹಳೆಯ ಅಧಿಸೂಚನೆ ತೆಗೆದು ವಿದ್ಯಾರ್ಹತೆಯ ಭಾಗವನ್ನು ಪದಪದ ಓದಿ. ರಾಜ್ಯ ಸರ್ಕಾರದ್ದು ಬೇರೆ, ಕೇಂದ್ರದ್ದು ಬೇರೆ, ಎರಡೂ ನೋಡಿ. ನಿಮಗೆ ಬೇಕಾದ ವಿಷಯ ಆ ಕಾಲೇಜಿನಲ್ಲಿ ಇಲ್ಲ ಅಂದರೆ, ಎಷ್ಟೇ ಹತ್ತಿರವಿದ್ದರೂ ಬಿಟ್ಟುಬಿಡಿ.

ನಿಮಗೆ ಯಾವ ಕಾಂಬಿನೇಷನ್ ಕೊಡುತ್ತೇವೆ ಅಂದಿದ್ದಾರೆ? ಅದನ್ನು ಮೊದಲು ಹೇಳಿ.