ಬ್ಯಾಟ್‌ಮ್ಯಾನ್‌ನನ್ನು ತೆರೆ ಕೆಡಿಸಿತೇ? – ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ದೀರ್ಘ ಪತ್ರ ತಲುಪಿದೆ. ಶಾಲೆಯ ದಿನಗಳಿಂದ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಓದುತ್ತಾ ಬಂದವರು ನೀವು. ಸಿನಿಮಾದವರೂ ಟಿ.ವಿ.ಯವರೂ ಸೇರಿ ಅವನನ್ನು ಹಾಳುಗೆಡವಿದರು ಎಂಬುದು ನಿಮ್ಮ ಕೊರಗು. ‘ಪುಸ್ತಕದಲ್ಲಿ ಇರುವುದನ್ನು ಇದ್ದ ಹಾಗೆಯೇ ತೆರೆಗೆ ತರಲು ಇವರಿಗೇನು ಕಷ್ಟ?’ ಎಂದು ಕೇಳಿದ್ದೀರಿ. ಹತ್ತು ವರ್ಷದ ಮಗಳಿಗೆ ಮೊದಲು ಪುಸ್ತಕ ಕೊಡಬೇಕೋ ಕಾರ್ಟೂನ್ ತೋರಿಸಬೇಕೋ ಎಂಬ ಪ್ರಶ್ನೆಯೂ ಪತ್ರದ ಕೊನೆಯಲ್ಲಿದೆ. ನಾನೂ ಈ ಪಾತ್ರವನ್ನು ಬಹಳ ಪ್ರೀತಿಸುವವನು. ಆದ್ದರಿಂದ ಎರಡು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ನೀವು ಕಾಪಾಡಬೇಕೆನ್ನುವ ಬ್ಯಾಟ್‌ಮ್ಯಾನ್ ಯಾರು ಎಂಬುದನ್ನು ಮೊದಲು ನೋಡೋಣ. ಅವನು ಕಾಣಿಸಿಕೊಂಡದ್ದು 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆಯಲ್ಲಿ. ಆ ಕಥೆಯ ಖಳ ಆಮ್ಲದ ತೊಟ್ಟಿಗೆ ಬಿದ್ದು ಸಾಯುತ್ತಾನೆ. ಅಂಥವರಿಗೆ ತಕ್ಕ ಅಂತ್ಯವೇ ಆಯಿತು ಎಂದು ಬ್ಯಾಟ್‌ಮ್ಯಾನ್ ಹೇಳಿ ಹೊರಟುಬಿಡುತ್ತಾನೆ. ಕೊಲ್ಲುವುದಿಲ್ಲ ಎಂಬ ವ್ರತ ಆಗಿನ್ನೂ ಹುಟ್ಟಿರಲಿಲ್ಲ. ತಂದೆತಾಯಿಯ ಕೊಲೆಯನ್ನು ಕಣ್ಣಾರೆ ಕಂಡ ಹುಡುಗ ಬ್ರೂಸ್ ವೇನ್ ಮುಂದೆ ಬ್ಯಾಟ್‌ಮ್ಯಾನ್ ಆದ ಕಥೆ ಬಂದದ್ದು 33ನೇ ಸಂಚಿಕೆಯಲ್ಲಿ. ವೇಷವೂ ಒಬ್ಬನದೇ ಕಲ್ಪನೆಯಲ್ಲ. ಚಿತ್ರಕಾರ ಬಾಬ್ ಕೇನ್ ಮೊದಲು ಬರೆದ ಚಿತ್ರದಲ್ಲಿ ಕೆಂಪು ಉಡುಪು, ಗಟ್ಟಿಯಾದ ರೆಕ್ಕೆ, ಕಣ್ಣಿನ ಸುತ್ತ ಒಂದು ಸಣ್ಣ ಮುಖವಾಡ ಮಾತ್ರ ಇದ್ದವು. ತಲೆ ಮುಚ್ಚುವ ಕಿವಿಯುಳ್ಳ ಮುಸುಕು, ಬೆನ್ನಿನ ನಿಲುವಂಗಿ, ಬೂದು ಬಣ್ಣ ಇವನ್ನೆಲ್ಲ ಸೂಚಿಸಿದವರು ಕಥೆ ಬರೆದ ಬಿಲ್ ಫಿಂಗರ್. ಅವರು 1974ರಲ್ಲಿ ತೀರಿಕೊಂಡರು. ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಮೂಲಕ್ಕೆ ನಿಷ್ಠೆ ಇರಬೇಕು ಎನ್ನುವವರೆಲ್ಲ ಮೊದಲು ನೆನೆಯಬೇಕಾದ ಹೆಸರು ಅದು.

ಇನ್ನು ಬ್ಯಾಟ್‌ಮ್ಯಾನ್‌ನ ಅಡಗುತಾಣವಾದ ಆ ಗವಿ. ಬಾವಲಿಗಳು ತೂಗುವ ಬ್ಯಾಟ್‌ಕೇವ್ ಇಲ್ಲದ ಬ್ಯಾಟ್‌ಮ್ಯಾನ್‌ನನ್ನು ನೀವೂ ಒಪ್ಪಲಾರಿರಿ. ಅದು ಪುಸ್ತಕದಿಂದ ತೆರೆಗೆ ಹೋದದ್ದಲ್ಲ. 1943ರಲ್ಲಿ ಕೊಲಂಬಿಯಾ ಚಿತ್ರಸಂಸ್ಥೆ ತೆಗೆದ ಧಾರಾವಾಹಿ ಚಿತ್ರದಿಂದ ಪುಸ್ತಕಕ್ಕೆ ಬಂದದ್ದು. ಗವಿಯ ಬಾಗಿಲನ್ನು ಮರೆಮಾಡುವ ದೊಡ್ಡ ಗಡಿಯಾರವೂ ಅಲ್ಲಿಯದೇ. ಕಾಮಿಕ್ಸ್‌ನಲ್ಲಿ ದಪ್ಪಗೆ ಗುಂಡಗಿದ್ದ ಮನೆಯಾಳು ಆಲ್ಫ್ರೆಡ್ ಆ ಚಿತ್ರದ ನಟನನ್ನು ಹೋಲುವಂತೆ ಸಣಕಲಾಗಿ, ಮೀಸೆ ಬಿಟ್ಟುಕೊಂಡ. ಅಂದರೆ ಪಾತ್ರ ಹುಟ್ಟಿದ ನಾಲ್ಕನೇ ವರ್ಷಕ್ಕಾಗಲೇ ತೆರೆ ಮತ್ತು ಪುಸ್ತಕದ ನಡುವೆ ಕೊಡುಕೊಳ್ಳುವಿಕೆ ಶುರುವಾಗಿತ್ತು.

ಈ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ 1992ರ ಅನಿಮೇಷನ್ ಸರಣಿ. ಅದನ್ನು ನೀವು ‘ಮಕ್ಕಳ ಕಾರ್ಟೂನ್’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀರಿ. ದಯವಿಟ್ಟು ಇನ್ನೊಮ್ಮೆ ನೋಡಿ. ಬ್ರೂಸ್ ಟಿಮ್ ಮತ್ತು ಎರಿಕ್ ರಡಾಮ್‌ಸ್ಕಿ ಅದನ್ನು ರೂಪಿಸಿದವರು. ಅದರ ಹಿನ್ನೆಲೆಗಳನ್ನು ಬಿಳಿ ಹಾಳೆಯ ಬದಲು ಕಪ್ಪು ಹಾಳೆಯ ಮೇಲೆ ಬರೆದರು. ಹೀಗಾಗಿ ಬ್ಯಾಟ್‌ಮ್ಯಾನ್‌ನ ಊರಾದ ಗಾಥಮ್ ನಗರದಲ್ಲಿ ಕತ್ತಲೆಯೇ ಮೊದಲು. ಕಿಟಕಿಯ ಬೆಳಕು, ಬೀದಿದೀಪ ಎಲ್ಲವನ್ನೂ ಅದರ ಮೇಲೆ ಬಣ್ಣದಿಂದ ಒಂದೊಂದಾಗಿ ಬೆಳಗಿಸಬೇಕು. ಕೆವಿನ್ ಕಾನ್ರಾಯ್ ಬ್ರೂಸ್ ವೇನ್‌ಗೆ ಒಂದು ದನಿ, ಬ್ಯಾಟ್‌ಮ್ಯಾನ್‌ಗೆ ಇನ್ನೊಂದು ದನಿ ಕೊಟ್ಟರು. ಮುಖವಾಡ ತೆಗೆದಾಗ ಕೇಳುವ ದನಿಯೇ ನಟನೆಯದು ಎನಿಸುವಂತೆ ಮಾಡಿದರು.

ಅದರಲ್ಲಿ ‘ಹಾರ್ಟ್ ಆಫ್ ಐಸ್’ ಎಂಬ ಕಂತಿದೆ. ಬರೆದವರು ಪಾಲ್ ಡಿನಿ, ನಿರ್ದೇಶನ ಟಿಮ್ ಅವರದು. ಮಿಸ್ಟರ್ ಫ್ರೀಜ್ ಅದುವರೆಗೆ ಯಾರೂ ಲೆಕ್ಕಕ್ಕಿಡದ ಖಳ. 1959ರಲ್ಲಿ ‘ಮಿಸ್ಟರ್ ಝೀರೊ’ ಎಂದು ಬಂದವನು. ಕೈಯಲ್ಲಿ ಹಿಮ ಕಾರುವ ಬಂದೂಕು, ಅಷ್ಟೇ. ಡಿನಿ ಅವನಿಗೆ ನೋರಾ ಎಂಬ ಹೆಂಡತಿಯನ್ನು ಕೊಟ್ಟರು. ವಾಸಿಯಾಗದ ಕಾಯಿಲೆಯ ನೋರಾಳನ್ನು ವಿಜ್ಞಾನಿ ವಿಕ್ಟರ್ ಫ್ರೈಸ್ (ಇವನೇ ಮುಂದೆ ಫ್ರೀಜ್ ಆಗುವವನು) ಮದ್ದು ಸಿಗುವವರೆಗೆಂದು ಶೀತಲ ನಿದ್ರೆಯಲ್ಲಿಟ್ಟಿರುತ್ತಾನೆ. ಖರ್ಚು ಹೆಚ್ಚಾಯಿತೆಂದು ಕಂಪನಿಯ ಯಜಮಾನ ಆ ಯಂತ್ರವನ್ನು ನಿಲ್ಲಿಸಲು ಬರುತ್ತಾನೆ, ತಡೆದ ವಿಕ್ಟರ್‌ನನ್ನು ಒದ್ದು ರಾಸಾಯನಿಕಗಳ ಮೇಲೆ ಬೀಳಿಸುತ್ತಾನೆ. ಕಂತು ಆರಂಭವಾಗುವುದೇ ಒಂದು ಗಾಜಿನ ಗೋಳದಿಂದ. ಒಳಗೆ ಹಿಮ ಉದುರುತ್ತಿದೆ, ನಡುವೆ ಪುಟ್ಟ ನರ್ತಕಿ ತಿರುಗುತ್ತಿದ್ದಾಳೆ, ಫ್ರೀಜ್ ಅವಳೊಡನೆ ಮಾತನಾಡುತ್ತಿದ್ದಾನೆ. ಮೈಕೆಲ್ ಅನ್ಸಾರಾ ಅವರ ಆ ದನಿಯಲ್ಲಿ ಏರಿಳಿತವೇ ಇಲ್ಲ. ಅಷ್ಟು ದುಃಖ ಉಂಡವನು ಹೀಗೆಯೇ ಮಾತನಾಡಬೇಕು ಎಂದು ಕೇಳುವವರಿಗೆ ಅನಿಸುತ್ತದೆ. ಬ್ಯಾಟ್‌ಮ್ಯಾನ್‌ಗೋ ಕಂತಿನುದ್ದಕ್ಕೂ ನೆಗಡಿ. ಆಲ್ಫ್ರೆಡ್ ಫ್ಲಾಸ್ಕಿನಲ್ಲಿ ಬಿಸಿ ಚಿಕನ್ ಸೂಪ್ ಕಟ್ಟಿಕೊಡುತ್ತಾನೆ. ಕೊನೆಯ ಹೊಡೆದಾಟದಲ್ಲಿ ಬ್ಯಾಟ್‌ಮ್ಯಾನ್ ಆ ಫ್ಲಾಸ್ಕನ್ನೇ ಫ್ರೀಜ್‌ನ ಗಾಜಿನ ಶಿರಸ್ತ್ರಾಣಕ್ಕೆ ಬಡಿಯುತ್ತಾನೆ. ಬಿಸಿ ತಾಗಿ ತಣ್ಣನೆಯ ಗಾಜು ಸೀಳುತ್ತದೆ. ಮನೆಯವರ ಅಕ್ಕರೆ ಒಬ್ಬನಿಗೆ ಸಿಗುತ್ತಿದೆ, ಇನ್ನೊಬ್ಬನಿಂದ ಅದನ್ನು ಕಿತ್ತುಕೊಳ್ಳಲಾಗಿದೆ. ಇಷ್ಟನ್ನೂ ಯಾರ ಬಾಯಿಂದಲೂ ಹೇಳಿಸದೆ ಇಪ್ಪತ್ತೆರಡು ನಿಮಿಷಗಳ ಒಳಗೆ ತೋರಿಸಿದ್ದಾರೆ. ಆ ಬರವಣಿಗೆಗೆ ಅಮೆರಿಕದ ಟಿ.ವಿ. ಪ್ರಶಸ್ತಿಯಾದ ಡೇಟೈಮ್ ಎಮ್ಮಿ ಬಂತು. ಮುಂದೆ ಕಾಮಿಕ್ಸ್ ಕೂಡ ನೋರಾಳನ್ನು ತನ್ನವಳನ್ನಾಗಿ ಮಾಡಿಕೊಂಡಿತು.

ಈಗ ನೀವು ಸಿಟ್ಟಿನಿಂದ ಬರೆದಿರುವ 1997ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಚಿತ್ರಕ್ಕೆ ಬರುತ್ತೇನೆ. ನಿಮ್ಮ ಸಿಟ್ಟಿನಲ್ಲಿ ನಾನೂ ಪಾಲುದಾರ. ಆದರೆ ಗಮನಿಸಿ: ಅದರಲ್ಲೂ ಫ್ರೀಜ್ ಇದ್ದಾನೆ, ನೋರಾ ಇದ್ದಾಳೆ, ಕಾಯಿಲೆಯಿದೆ, ಹಿಮದ ತೊಟ್ಟಿಯಿದೆ. ಕಥೆಯ ವಿವರಗಳನ್ನು ಚೆನ್ನಾಗಿಯೇ ಎತ್ತಿಕೊಂಡಿದ್ದಾರೆ. ಆದರೆ ಫ್ರೀಜ್ ಆಗಿ ನಟಿಸಿದ ಅರ್ನಾಲ್ಡ್ ಶ್ವಾರ್ಜನೆಗರ್ ಬಾಯಿ ತೆರೆದಾಗಲೆಲ್ಲ ಹಿಮದ ಮೇಲೊಂದು ನಗೆಮಾತು ಬರುತ್ತದೆ. ನಗೆ ಮುಗಿಯುವುದರೊಳಗೆ ನೋರಾ ಮರೆತುಹೋಗಿರುತ್ತಾಳೆ. ಇದ್ದದ್ದನ್ನು ಇದ್ದ ಹಾಗೆ ತಂದರೆ ಸಾಕು ಎಂಬ ನಿಮ್ಮ ವಾದ ನನಗೆ ಒಪ್ಪಿಗೆಯಾಗದಿರುವುದು ಇಲ್ಲಿಯೇ. ಹಳೆಯ ಖಳನ ಕಥೆಯನ್ನು ಪೂರಾ ಬದಲಿಸಿದ ಕಾರ್ಟೂನ್ ಅವನಿಗೆ ಜೀವ ಕೊಟ್ಟಿತು. ಆ ಕಥೆಯನ್ನೇ ಕೈಯಲ್ಲಿ ಹಿಡಿದ ಸಿನಿಮಾ ಜೀವ ತೆಗೆಯಿತು.

ತಾಳಮದ್ದಳೆ ಕೇಳುವ ನಮಗೆ ಇದು ಹೊಸದೇನಲ್ಲ. ‘ಕರ್ಣಪರ್ವ’ದ ಪದ್ಯಗಳು ಎಲ್ಲರಿಗೂ ಗೊತ್ತು, ಭಾಗವತರು ಹಾಡುವುದು ಅವನ್ನೇ. ಆದರೂ ಜನ ರಾತ್ರಿ ನಿದ್ದೆಗೆಟ್ಟು ಕೂರುವುದು ಇಂದಿನ ಅರ್ಥಧಾರಿ ಕರ್ಣನ ಬಾಯಲ್ಲಿ ಯಾವ ಹೊಸ ಮಾತು ಆಡಿಸುತ್ತಾನೆ ಎಂದು ಕೇಳಲು. ಪದ್ಯದಲ್ಲಿ ಇಲ್ಲದ್ದನ್ನು ಹೇಳಿದ ಎಂದು ಯಾರೂ ದೂರುವುದಿಲ್ಲ. ಕರ್ಣನಿಗೆ ಒಪ್ಪದ ಮಾತು ಆಡಿದರೆ ಮಾತ್ರ ಮುಖ ಕಿವಿಚುತ್ತಾರೆ.

ಜೋಕರ್ ಎಂಬ ಖಳನ ಜೊತೆಗಾತಿ ಹಾರ್ಲಿ ಕ್ವಿನ್ ಪುಸ್ತಕದಿಂದ ಬಂದವಳೆಂದು ನೀವು ಬರೆದಿದ್ದೀರಿ. ಅವಳೂ ಆ ಅನಿಮೇಷನ್ ಸರಣಿಯಲ್ಲೇ, 1992ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದವಳು; ಕಾಮಿಕ್ಸ್‌ಗೆ ಕಾಲಿಟ್ಟದ್ದು ಮರುವರ್ಷ.

ನಿಮ್ಮ ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ನಡೆದದ್ದನ್ನು ಓದುಗನೇ ಊಹಿಸಿಕೊಳ್ಳಬೇಕು, ಒಂದು ಪುಟದ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಅವನ ಇಷ್ಟ ಎಂದಿದ್ದೀರಿ. ಆ ಸುಖವನ್ನು ಯಾವ ತೆರೆಯೂ ಕೊಡಲಾರದು. ತೆರೆಯ ಮೇಲೆ ಚೌಕಟ್ಟುಗಳನ್ನೇ ಜೋಡಿಸಿ ತೋರಿಸಿದ 2003ರ ‘ಹಲ್ಕ್’ ಚಿತ್ರಕ್ಕೂ ಅದು ಸಾಧ್ಯವಾಗಲಿಲ್ಲ. ಕಾಲ ಅಲ್ಲಿಯೂ ನಿರ್ದೇಶಕನ ಕೈಯಲ್ಲೇ ಇತ್ತು.

ಮಗಳಿಗೆ ಮೊದಲು ಕಾರ್ಟೂನ್ ತೋರಿಸಿ. ಫ್ರೀಜ್‌ನ ಕಂತನ್ನು ಅವಳ ಜೊತೆಯಲ್ಲಿ ಕುಳಿತೇ ನೋಡಿ, ನೋರಾಳಿಗೆ ಏನಾಯಿತು ಎಂದು ಅವಳು ಖಂಡಿತ ಕೇಳುತ್ತಾಳೆ. ಬಳಿಕ ಆ ಸರಣಿಯ ಶೈಲಿಯಲ್ಲೇ ಬಂದ ‘ದಿ ಬ್ಯಾಟ್‌ಮ್ಯಾನ್ ಅಡ್ವೆಂಚರ್ಸ್’ ಪುಸ್ತಕಗಳು ಸಿಕ್ಕರೆ ಕೊಡಿ. ಮುಖಗಳ ಗುರುತಿರುವುದರಿಂದ ಓದು ಸಲೀಸಾಗುತ್ತದೆ. ನಿಮ್ಮ ಹಳೆಯ ಸಂಗ್ರಹದ ಸರದಿ ಆಮೇಲೆ. 2008ರ ‘ದಿ ಡಾರ್ಕ್ ನೈಟ್’ ಇನ್ನೂ ನಾಲ್ಕೈದು ವರ್ಷ ಕಾಯಲಿ, ಅದರ ಜೋಕರ್ ಆ ವಯಸ್ಸಿನವರಿಗಲ್ಲ. ಅವಳಿಗೆ ಯಾವ ಕಂತು ಹಿಡಿಸಿತು ಎಂದು ಅವಳೇ ನಮಗೊಂದು ಪತ್ರ ಬರೆದರೆ ಓದುಗರ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.

– ಸಂಪಾದಕ