ತೂಕ ಇಳಿಸಲು ಜಠರ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್‌ಗೆ ವಿಮೆ ಕೊಡಲ್ಲ ಅಂತಿದ್ದಾರೆ, ಯಾವ ಸಾಲ ತಗೊಂಡರೆ ಒಳ್ಳೇದು?

ಸಾಲದ ಮಾತು ಆಮೇಲೆ. ವಿಮೆಯವರು ಕೊಡಲ್ಲ ಅಂದದ್ದು ಫೋನಿನಲ್ಲೋ, ಕಾಗದದ ಮೇಲೋ? ಫೋನಿನ ಮಾತನ್ನು ಲೆಕ್ಕಕ್ಕೇ ಹಿಡಿಬ್ಯಾಡ್ರಿ.

ಕಲಬುರಗಿಯಿಂದ ಹೈದರಾಬಾದಿಗೆ ಹೋಗಿ ನಾನೂ ಇದನ್ನೇ ಮಾಡಿಸಿಕೊಂಡೆ, ಪೂರ್ತಿ ಕೈಯಿಂದ ಕಟ್ಟಿ. ಎತ್ತರ 165 ಸೆಂ.ಮೀ., ತೂಕ 97 ಕೆ.ಜಿ. ತೂಕವನ್ನು 1.65ರಿಂದ ಎರಡು ಸಲ ಭಾಗಿಸಿದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35.6. ಜೊತೆಗೆ ಎರಡು ಥರದ ಗುಳಿಗೆಗೂ ಇಳಿಯದ ಸಕ್ಕರೆ. ವಿಮಾ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಎಲ್ಲ ಕಂಪನಿಗಳಿಗೂ ಹಾಕಿಕೊಟ್ಟ ಷರತ್ತು ಇಷ್ಟು: ವಯಸ್ಸು 18 ಆಗಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಮುಟ್ಟಿರಬೇಕು. 35ರಿಂದ 40ರ ನಡುವೆ ಇದ್ದರೆ, ಬೇರೆ ಉಪಾಯ ಸೋತಿರಬೇಕು, ಮತ್ತು ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು), ಔಷಧಿಗೂ ಬಗ್ಗದ ಟೈಪ್ 2 ಸಕ್ಕರೆ ಕಾಯಿಲೆ, ಇವುಗಳಲ್ಲಿ ಒಂದಾದರೂ ಇರಬೇಕು. ಮೊಣಕಾಲು ನೋವು, ಬಿಪಿ, ಥೈರಾಯ್ಡ್ ಎಷ್ಟು ಕಾಡಿದರೂ ಆ ಪಟ್ಟಿಯಲ್ಲಿಲ್ಲ. ನನಗೆ ಸಿಗಬೇಕಿತ್ತು. ಸಿಗಲಿಲ್ಲ.

ಆಪರೇಷನ್‌ಗೆ ಮುಂಚೆ ಎರಡು ವಾರ ಪ್ರೋಟೀನ್ ಪುಡಿ, ಮಜ್ಜಿಗೆ, ತಿಳಿಸಾರಿನ ಮೇಲೇ ಇಡುತ್ತಾರೆ. ಕೊಬ್ಬು ತುಂಬಿದ ಲಿವರ್ ಜಠರದ ಮೇಲೆ ಕವಿದಿರುತ್ತದೆ, ಅದು ಕುಗ್ಗಿದರೇ ದುರ್ಬೀನು ಹಾಕಿ ಕೆಲಸ ಮಾಡಲು ಜಾಗ. ಜೋಳದ ರೊಟ್ಟಿ ಕಾಣದ ಆ 14 ದಿನದಲ್ಲಿ 4 ಕೆ.ಜಿ. ಇಳಿದು ಹಿಗ್ಗಿಹೋದೆ. ಅಡ್ಮಿಟ್ ಆದ ದಿನ ನರ್ಸ್ 93 ಅಂತ ಬರೆದರು. ವಿಮೆ ಡೆಸ್ಕಿನವರು ಅದನ್ನೇ ಕ್ಯಾಶ್‌ಲೆಸ್ (ಆಸ್ಪತ್ರೆಗೆ ವಿಮೆಯವರೇ ನೇರ ಕಟ್ಟುವ) ಫಾರಂಗೆ ಇಳಿಸಿದರು. 93ಕ್ಕೆ ಬಿಎಂಐ 34.2. ಸಂಜೆಗೆ ತಿರಸ್ಕಾರ ಬಂತು. 97 ಇತ್ತು ಅನ್ನಲು ನನ್ನ ಹತ್ತಿರ ಇದ್ದದ್ದು ಮನೆಯ ತೂಕದ ಮಷಿನ್ ಮತ್ತು ನನ್ನ ಬಾಯಿಮಾತು. ಡಾಕ್ಟರ ಸಹಿ, ಸೀಲು, ತಾರೀಖು ಇರುವ ಒಂದೇ ಒಂದು ಚೀಟಿ ಇರಲಿಲ್ಲ. ಆಪರೇಷನ್ ಆದಮೇಲೆ ಜಗಳ ಆಡೋಣ ಅಂದರೆ, ಆ ತೂಕವನ್ನು ಮತ್ತೆ ಎಲ್ಲಿಂದ ತರಲಿ?

ಅದಕ್ಕೇ ಹೇಳೋದು, ಡಯಟ್ ಚಾರ್ಟ್ ಶುರುವಾಗುವ ಮೊದಲೇ ಸರ್ಜನ್ ಮುಂದೆ ತೂಗಿಸಿ ಬರೆಸಿಕೊಳ್ರಿ. ಎತ್ತರ ಚಪ್ಪಲಿ ಬಿಟ್ಟು ಅಳೆಸ್ರಿ; 3 ಸೆಂ.ಮೀ. ಹಿಮ್ಮಡಿ ಸೇರಿದರೆ ನನ್ನ 97 ಕೆ.ಜಿ.ಗೂ 34.4 ಆಗುತ್ತಿತ್ತು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ವರದಿಗಳು, ಗೊರಕೆ ಇದ್ದರೆ ಸ್ಲೀಪ್ ಸ್ಟಡಿ, ಆಹಾರ ತಜ್ಞರ ಬಳಿ ಹೋದ ತಾರೀಖುಗಳು, ಎಲ್ಲ ಒಂದೇ ಫೈಲಿನಲ್ಲಿರಲಿ.

ತಿರಸ್ಕಾರವನ್ನು ಷರತ್ತಿನ ನಂಬರ್ ಸಮೇತ ಬರವಣಿಗೆಯಲ್ಲಿ ಕೇಳ್ರಿ. ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಉತ್ತರ ಒಪ್ಪಿಗೆಯಾಗಲಿಲ್ಲ ಅಂದರೆ ವಿಮೆಯ ದೂರು ಕೇಳಿ ತೀರ್ಪು ಕೊಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗ್ರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಆದರೆ ಒಂದು ವರ್ಷದೊಳಗೆ ಹೋಗಬೇಕು. ಪಾಲಿಸಿಗಿಂತ ಹಳೆಯ ಕಾಯಿಲೆಗೆ ಕಾಯುವ ಅವಧಿ ಮುಗಿದಿಲ್ಲ ಅನ್ನುವುದೇ ಕಾರಣವಾದರೆ (ಹೆಚ್ಚೆಂದರೆ 36 ತಿಂಗಳು) ಎಷ್ಟು ಉಳಿದಿದೆ ನೋಡ್ರಿ. ಏಳೆಂಟು ತಿಂಗಳಿದ್ದು, ಡಾಕ್ಟರು ಅವಸರವಿಲ್ಲ ಅಂದರೆ ಸಾಲಕ್ಕಿಂತ ಕಾಯುವುದೇ ಅಗ್ಗ. ಬಿಎಂಐ 33 ಇದ್ದರೆ ಮಾತ್ರ ಬೇರೆ ಕಥೆ. ಸಕ್ಕರೆ ಕಾಯಿಲೆ ಇದ್ದವರಿಗೆ ನಮ್ಮ ಸರ್ಜನ್‌ಗಳು 32.5ಕ್ಕೇ ಮಾಡಬಹುದು ಅಂತಾರೆ, ವಿಮೆಯ ಗೆರೆ 35. ಕೈಯಿಂದಲೇ ಕಟ್ಟಬೇಕು.

ಕಟ್ಟುವುದೇ ಆದರೆ ಮೊದಲು ಪಿಎಫ್ ಮುಂಗಡ, ಅದು ಸಾಲವಲ್ಲ, ವಾಪಸ್ ಕಟ್ಟಬೇಕಿಲ್ಲ. ಆಮೇಲೆ ಬ್ಯಾಂಕಿನ ಬಂಗಾರದ ಸಾಲ. ಪರ್ಸನಲ್ ಲೋನ್ ಕೊನೆಗೆ: 4 ಲಕ್ಷಕ್ಕೆ 14% ಬಡ್ಡಿ, 36 ಕಂತು ಅಂದರೆ ತಿಂಗಳಿಗೆ ಸುಮಾರು 13,670, ಬಡ್ಡಿಯೇ 92 ಸಾವಿರ.

ಪ್ಯಾಕೇಜ್ ಅನ್ನುವ ಮಾತನ್ನು ನಂಬಬ್ಯಾಡ್ರಿ. ಜಠರದ ಮುಕ್ಕಾಲು ಪಾಲು ಕತ್ತರಿಸಿ ಮುಚ್ಚುವುದು ಸ್ಟೇಪ್ಲರ್, ಒಬ್ಬರಿಗೆ ಐದಾರು ಕಾರ್ಟ್ರಿಜ್ (ಅದಕ್ಕೆ ತುಂಬುವ ಪಿನ್ನಿನ ಪಟ್ಟಿ) ಬೇಕು, ಬಿಲ್ ಉಬ್ಬುವುದೇ ಅಲ್ಲಿ. ಎಷ್ಟು ಕಾರ್ಟ್ರಿಜ್ ಸೇರಿವೆ, ಜಠರ ಮುಚ್ಚಿದ ಜಾಗ ಲೀಕ್ ಆಗಿ ಮತ್ತೆ ಐಸಿಯುಗೆ ಹೋದರೆ ದುಡ್ಡು ಯಾರದು, ಬರೆಸಿಕೊಳ್ರಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳ ಖರ್ಚು ವರ್ಷಗಟ್ಟಲೆ ಇರುತ್ತದೆ, 3, 6, 12ನೇ ತಿಂಗಳಿಗೆ ರಕ್ತ ಪರೀಕ್ಷೆ ಬೇರೆ.

ಡಿಸ್ಚಾರ್ಜ್ ಆದ ಕೂಡಲೇ ಊರಿಗೆ ರೈಲು ಹತ್ತಬ್ಯಾಡ್ರಿ. ಹತ್ತು ದಿನ ಆಸ್ಪತ್ರೆ ಹತ್ತಿರವೇ ರೂಮ್ ಮಾಡಿ, ಆ ಬಾಡಿಗೆಯನ್ನೂ ಲೆಕ್ಕಕ್ಕೆ ಹಾಕ್ರಿ. ಜ್ವರ ಬಂದು, ಸುಮ್ಮನೆ ಮಲಗಿದ್ದಾಗಲೂ ನಾಡಿ 120 ದಾಟಿದರೆ ಲೀಕ್ ಇರಬಹುದು. ಆಗ ಗುಳಿಗೆ ನುಂಗಿ ಬೆಳಗಿನವರೆಗೆ ನೋಡೋಣ ಅನ್ನದೆ ಅದೇ ರಾತ್ರಿ ಎಮರ್ಜೆನ್ಸಿಗೆ ಹೋಗಬೇಕು.